ಈಚಲ ಮರದ ಕೆಳಗಿನ ಮಜ್ಜಿಗೆ: ಸ್ಥಳನಿಂದೆಯ ನುಡಿಗಟ್ಟುಗಳನ್ನು ಕುರಿತು

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡ ಕುಡಿದರೆನ್ನುತ್ತಾರೆ ಎಂಬುದು ಕನ್ನಡದ ಗಾದೆ. ತೆಲುಗಿನಲ್ಲಿ ಇದೇ ಗಾದೆ ತಾಳೆಮರದ ಕೆಳಗೆ ನಡೆಯುತ್ತದೆ. ಅಲ್ಲಿ ಕುಡಿಯುವುದು ಹಾಲು, ಜನ ಹೇಳುವುದು ‘ಕಲ್ಲು’. ಬೀದರಿನಿಂದ ಜಹೀರಾಬಾದಿನತ್ತ ಹೊರಟವರಿಗೆ ಈ ಎರಡೂ ಮರಗಳು ಹೊಲದ ಬದುಗಳಲ್ಲಿ ಕಾಣಸಿಗುತ್ತವೆ, ಎರಡೂ ಗಾದೆಗಳು ಕೇಳಸಿಗುತ್ತವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ದಖ್ಖನಿ ಉರ್ದು ಎಂಬ ಹಂಚಿಕೆಯಲ್ಲಿ ಬೆಳೆದವರಿಗೆ ಇವು ಎರಡು ಗಾದೆಗಳೆಂದು ತೋರುವುದೂ ಇಲ್ಲ. ಮರ ಬದಲಾದರೂ ಪಾನೀಯ ಬದಲಾದರೂ ಮಾತಿನ ತಿರುಳು ಒಂದೇ: ಸ್ಥಳಕ್ಕೆ ಅಂಟಿದ ಹೆಸರು ಅಲ್ಲಿ ಕುಳಿತವನಿಗೂ ಅಂಟುತ್ತದೆ.

ಇಂಗ್ಲಿಷಿನಲ್ಲಿ ಕೆಟ್ಟ ನಡತೆಯ ತಾಣವೊಂದನ್ನು ಹೆಸರಿಸಲು ‘ಡೆನ್ ಆಫ್ ಇನಿಕ್ವಿಟಿ’ ಎಂಬ ನುಡಿಗಟ್ಟಿದೆ. ನಮ್ಮ ಅನುವಾದಕರು ಇದಕ್ಕೆ ‘ಪಾಪಕೂಪ’, ‘ಅನೀತಿಯ ಬೀಡು’, ‘ಅನಾಚಾರದ ಅಡ್ಡೆ’ ಎಂಬ ಸಂವಾದಿಗಳನ್ನು ಬಳಸುತ್ತ ಬಂದಿದ್ದಾರೆ. ಮೇಲ್ನೋಟಕ್ಕೆ ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಇಂಗ್ಲಿಷ್ ನುಡಿಗಟ್ಟಿಗೂ ನಮ್ಮ ಗಾದೆಗೂ ಇರುವ ಒಂದು ವ್ಯತ್ಯಾಸವನ್ನು ಈ ಸಂವಾದಿಗಳು ಮುಚ್ಚಿಬಿಡುತ್ತವೆ. ಗಾದೆಯಲ್ಲಿ ‘ಎನ್ನುತ್ತಾರೆ’ ಎಂಬ ಕ್ರಿಯಾಪದವಿದೆ. ಅಂದರೆ ದೂರದಲ್ಲಿ ನಿಂತು ನೋಡುವ ಒಬ್ಬನಿದ್ದಾನೆ. ಅವನಿಗೆ ಲೋಟದೊಳಗೆ ಏನಿದೆಯೆಂದು ಗೊತ್ತಿಲ್ಲ. ಮರವನ್ನು ಕಂಡು ಅವನು ತೀರ್ಪು ಕೊಟ್ಟಿದ್ದಾನೆ. ಇಂಗ್ಲಿಷ್ ನುಡಿಗಟ್ಟಿನಲ್ಲಿ ಈ ನೋಡುಗ ಇಲ್ಲ. ತೀರ್ಪು ಮಾತ್ರ ಉಳಿದು ಅದೇ ಸ್ಥಳದ ಹೆಸರಾಗಿದೆ.

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಪ್ರದೇಶಗಳ ಭಾಷಾವ್ಯವಹಾರದ ಹಿನ್ನೆಲೆಯಲ್ಲಿ ಈ ವ್ಯತ್ಯಾಸವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪ್ರದೇಶವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕನ್ನೂ, ನಿರ್ಣಾ ವೃತ್ತವನ್ನುಳಿದ ಜಹೀರಾಬಾದ್ ತಾಲ್ಲೂಕನ್ನೂ, ನ್ಯಾಲಕಲ್ ವೃತ್ತವನ್ನೂ, ಕಲಬುರಗಿ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳನ್ನೂ ಆಂಧ್ರಪ್ರದೇಶಕ್ಕೆ ಸೇರಿಸಿತು. 2016ರ ಜಿಲ್ಲಾ ಮರುವಿಂಗಡಣೆಯಲ್ಲಿ ಮೊದಲೆರಡು ಪಟ್ಟಣಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು. ಜನ ಕದಲದೆ ಸ್ಥಳದ ಅರ್ಥ ಬದಲಾದ ನೆಲ ಇದು. ಸ್ಥಳಗಳಿಗೆ ಹೆಸರಿಡುವವರು ಯಾರು ಎಂಬ ಪ್ರಶ್ನೆಯನ್ನು ಇಲ್ಲಿಯ ಕನ್ನಡಿಗ ಓದುಗನಿಗೆ ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

1. ಗವಿ ಮತ್ತು ವಿಷಮ

‘ಡೆನ್’ ಎಂದರೆ ಕಾಡುಮೃಗದ ಗವಿ. ದಾನಿಯೇಲನನ್ನು ಹಾಕಿದ ಸಿಂಹಗಳ ಗವಿಗೂ ಇದೇ ಪದ. ಮನುಷ್ಯರ ತಾಣವೊಂದನ್ನು ಡೆನ್ ಎಂದ ಕೂಡಲೇ ಅಲ್ಲಿರುವವರು ಮೃಗಗಳೆಂಬ ಸೂಚನೆ ಹೇಳದೆಯೇ ಬಂದುಬಿಡುತ್ತದೆ. ಈ ರೂಪಕಕ್ಕೆ ಇಂಗ್ಲಿಷಿನಲ್ಲಿ ಬಲ ಬಂದುದು 1611ರ ಬೈಬಲ್ ಅನುವಾದದ ಮೂಲಕ. ಯೆರೂಸಲೇಮಿನ ದೇವಾಲಯದಲ್ಲಿ ಹಣ ಬದಲಿಸುವವರ ಮೇಜುಗಳನ್ನು ಉರುಳಿಸಿದ ಯೇಸು, ಪ್ರಾರ್ಥನೆಯ ಮನೆಯನ್ನು ನೀವು ಕಳ್ಳರ ಗವಿ ಮಾಡಿದ್ದೀರಿ ಎಂದು ಗದರಿಸುವ ಪ್ರಸಂಗ ಕನ್ನಡ ಓದುಗರಿಗೂ ಪರಿಚಿತ. ಯೇಸು ಆಡುವ ಈ ಮಾತು ಹಳೆಯ ಒಡಂಬಡಿಕೆಯ ಪ್ರವಾದಿ ಯೆರೆಮೀಯನದು. ಯೆರೆಮೀಯನ ಆಕ್ಷೇಪ ಇನ್ನೂ ಸೂಕ್ಷ್ಮವಾದುದು: ಪರದೇಶಿ, ಅನಾಥ, ವಿಧವೆಯರನ್ನು ಹಿಂಸಿಸಿ, ಕದ್ದು, ಕೊಂದು, ಬಳಿಕ ದೇವಾಲಯಕ್ಕೆ ಬಂದು ನಾವು ಸುರಕ್ಷಿತರು ಎನ್ನುವವರನ್ನು ಅವನು ಪ್ರಶ್ನಿಸುತ್ತಾನೆ. ಗವಿಯೆಂದರೆ ಕಳ್ಳರು ಕಳವು ಮಾಡುವ ಸ್ಥಳವಲ್ಲ, ಕಳವು ಮುಗಿಸಿ ನಿಶ್ಚಿಂತೆಯಿಂದ ಅಡಗುವ ಸ್ಥಳ. ಹೀಗೆ ಮೂಲ ಸಂದರ್ಭದಲ್ಲಿ ‘ಗವಿ’ ಎಂಬ ನಿಂದೆ ಬಿದ್ದುದು ಊರಿನ ಅತ್ಯಂತ ಗೌರವಾನ್ವಿತ ಕಟ್ಟಡದ ಮೇಲೆ.

‘ಇನಿಕ್ವಿಟಿ’ಯ ಇತಿಹಾಸವೂ ಇದನ್ನೇ ಹೇಳುತ್ತದೆ. ಲ್ಯಾಟಿನ್ನಿನ ‘ಎಕ್ವುಸ್’ ಎಂದರೆ ಸಮ. ಅದಕ್ಕೆ ನಿಷೇಧಾರ್ಥದ ಪೂರ್ವಪ್ರತ್ಯಯ ಸೇರಿ ‘ಇನಿಕ್ವಿತಾಸ್’ ಆಯಿತು. ಅದರ ಮೊದಲ ಅರ್ಥ ಅಸಮತೆ, ಅನ್ಯಾಯ. ನ್ಯಾಯಶಾಸ್ತ್ರದಲ್ಲಿ ನಾವು ಬಳಸುವ ‘ಈಕ್ವಿಟಿ’ ಇದರ ಒಡಹುಟ್ಟು. ಕಾಲಾಂತರದಲ್ಲಿ ಈ ಪದ ಪಾಪ, ದುರಾಚಾರ ಎಂಬ ಅರ್ಥಗಳಿಗೆ ಸರಿದು, ಕೊನೆಗೆ ಕುಡಿತ, ಜೂಜು, ವೇಶ್ಯಾವೃತ್ತಿಗಳ ಸುತ್ತ ನಿಂತಿತು. ಇಂದಿನ ಇಂಗ್ಲಿಷಿನಲ್ಲಿ ನುಡಿಗಟ್ಟು ಬಹುಮಟ್ಟಿಗೆ ಹಾಸ್ಯಕ್ಕೆ ಇಳಿದಿದೆ. ಗೆಳೆಯನ ಅಸ್ತವ್ಯಸ್ತ ಕೋಣೆಯನ್ನೂ ಇಸ್ಪೀಟಾಡುವ ಕ್ಲಬ್ಬನ್ನೂ ನಗುತ್ತ ಹೀಗೆ ಕರೆಯುವುದುಂಟು. ದೇವಾಲಯದ ಮೇಲಿನ ಆರೋಪ ಹೆಂಡದಂಗಡಿಯ ಮೇಲೆ ಬಂದು ಕುಳಿತದ್ದು, ಅಸಮತೆಯ ಪ್ರಶ್ನೆ ವೈಯಕ್ತಿಕ ನಡತೆಯ ಪ್ರಶ್ನೆಯಾದದ್ದು, ಈ ಎರಡು ಪಲ್ಲಟಗಳೂ ಒಂದೇ ದಿಕ್ಕಿನವು. ಬಲವಂತರ ತಾಣದಿಂದ ದುರ್ಬಲರ ತಾಣಕ್ಕೆ ನಿಂದೆ ಜಾರಿದೆ.

ಅನುವಾದದ ದೃಷ್ಟಿಯಿಂದ ಇಲ್ಲೊಂದು ಸಂಗತಿ ಹೇಳಬೇಕು. ‘ಇನಿಕ್ವಿಟಿ’ಗೆ ‘ಪಾಪ’ವನ್ನೋ ‘ಅನೀತಿ’ಯನ್ನೋ ಹುಡುಕುವ ನಾವು ‘ವಿಷಮ’ವನ್ನು ನೆನೆಯುವುದಿಲ್ಲ. ಸಮವಲ್ಲದ್ದು ವಿಷಮ. ಕನ್ನಡದಲ್ಲಿ ಅದು ಅಸಮವಾದದ್ದನ್ನೂ ಕೆಡುಕನ್ನೂ ಒಟ್ಟಿಗೇ ಹೇಳುತ್ತದೆ. ವಿಷಮ ಜ್ವರ, ವಿಷಮ ಗಳಿಗೆ, ವಿಷಮ ದಾಂಪತ್ಯ ಎಂಬ ಪ್ರಯೋಗಗಳಲ್ಲಿ ಈ ಎರಡರ ನಡುವೆ ಗೆರೆ ಎಳೆಯುವುದೇ ಕಷ್ಟ. ಇಂಗ್ಲಿಷ್ ಪದ ಕಳೆದುಕೊಂಡ ಮೂಲಾರ್ಥ ನಮ್ಮ ಪದದಲ್ಲಿ ಇನ್ನೂ ಜೀವಂತವಾಗಿದೆ.

2. ಬೀಡು, ಆಗರ, ಕೇರಿ

ಕನ್ನಡದ ಸಂವಾದಿಗಳಲ್ಲಿ ಗಮನಿಸಬೇಕಾದ ಇನ್ನೊಂದು ಲಕ್ಷಣವುಂಟು. ಭ್ರಷ್ಟಾಚಾರದ ‘ಆಗರ’, ಅನಾಚಾರದ ‘ಬೀಡು’, ವಂಚನೆಯ ‘ತವರು’ ಎನ್ನುತ್ತೇವೆ. ಇದೇ ಪದಗಳಿಂದ ಜ್ಞಾನದ ಆಗರ, ಕಲೆಯ ಬೀಡು, ಸಂಗೀತದ ತವರು ಎಂದೂ ಹೇಳುತ್ತೇವೆ. ಸ್ಥಳವಾಚಕ ತನ್ನಷ್ಟಕ್ಕೆ ನಿರ್ದೋಷಿ. ಗುಣವೆಲ್ಲ ಅದರ ಹಿಂದೆ ಬರುವ ಷಷ್ಠೀ ವಿಭಕ್ತಿಯ ಪದದಲ್ಲಿ. ‘ಕೂಪ’, ‘ಕೊಂಪೆ’ಗಳಲ್ಲಿ ಹೀನಾರ್ಥ ಇದೆ, ಆದರೂ ಅವು ಬಾವಿ ಮತ್ತು ಹಾಳುಬಿದ್ದ ವಸತಿ, ಮೃಗದ ಗವಿಯಲ್ಲ. ತೆಲುಗಿನ ‘ಪಾಪಾಲ ಪುಟ್ಟ’ದಲ್ಲಿರುವುದು ಹುತ್ತ. ಹುತ್ತವನ್ನು ಕಟ್ಟುವುದು ಗೆದ್ದಲು, ಸೇರಿಕೊಳ್ಳುವುದು ಹಾವು ಎಂಬ ಗಾದೆ ಎರಡೂ ಭಾಷೆಗಳಲ್ಲಿದೆ. ಹುತ್ತವೆಂದ ಕೂಡಲೇ ಕಟ್ಟಿದವರು ಯಾರು, ಒಳಗೆ ಇರುವವರು ಯಾರು ಎಂದು ಕೇಳುವ ಅವಕಾಶ ಉಳಿದಿರುತ್ತದೆ.

ಹಾಗೆಂದು ಕನ್ನಡ ಸ್ಥಳನಿಂದೆಯಿಂದ ಮುಕ್ತವಾದ ಭಾಷೆಯೆಂದು ಹೆಮ್ಮೆಪಡುವಂತಿಲ್ಲ. ನಮ್ಮಲ್ಲಿ ಆ ಕೆಲಸವನ್ನು ‘ಕೇರಿ’ ಮಾಡಿದೆ. ಹೊಲಗೇರಿ, ಸೂಳೆಗೇರಿ ಮುಂತಾದ ಸಮಾಸಗಳಲ್ಲಿ ಸ್ಥಳಕ್ಕೆ ಗುಣವಾಚಕ ಬೇಕಾಗಿಯೇ ಇಲ್ಲ. ಅಲ್ಲಿ ಇರುವವರ ಜಾತಿ ಅಥವಾ ವೃತ್ತಿಯ ಹೆಸರೇ ತೀರ್ಪು. ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನನ್ನು ದ್ವಾರಾವತಿಯ ಸೂಳೆಗೇರಿಯ ನಡುವೆ ನಡೆಸುತ್ತಾನೆ, ಪಾನಗೋಷ್ಠಿಯನ್ನೂ ವಿಸ್ತಾರವಾಗಿ ವರ್ಣಿಸುತ್ತಾನೆ. ಅದು ಪುರವರ್ಣನೆಯ ಒಂದು ಅಂಗ. ಪಂಪನಿಗೆ ಆ ಕೇರಿ ಪಾಪಕೂಪವಲ್ಲ, ನಗರದ ವೈಭವದ ಭಾಗ. ಆದರೆ ಕವಿಯ ಕಣ್ಣು ಅರಸುಮಗನ ಹೆಗಲ ಮೇಲಿಂದ ನೋಡುತ್ತದೆ. ಅಲ್ಲಿಯ ಹೆಣ್ಣುಗಳು ಕಾಣುತ್ತಾರೆ, ಅವರಿಗೆ ತಾವು ಹೇಗೆ ಕಾಣುತ್ತೇವೆಂದು ಹೇಳುವ ಅವಕಾಶವಿಲ್ಲ. ಸ್ಥಳವನ್ನು ನಿಂದಿಸುವ ನೋಟಕ್ಕೂ ಸ್ಥಳವನ್ನು ಸವಿಯುವ ನೋಟಕ್ಕೂ ಈ ಒಂದು ಅಂಶ ಸಮಾನ: ಎರಡೂ ಹೊರಗಿನವು.

3. ಅಡ್ಡಾ, ಸ್ಥಾವರ, ಕಲ್ಲು

ಗಡಿಯ ಮೂರು ಪಟ್ಟಣಗಳ ಮಾತಿಗೆ ಬಂದರೆ ಚಿತ್ರ ಇನ್ನಷ್ಟು ಕುತೂಹಲಕರ. ಕನ್ನಡ ಪತ್ರಿಕೆಗಳಲ್ಲಿ ‘ಅಡ್ಡೆ’ ಎಂದರೆ ಇಸ್ಪೀಟು, ಮಟ್ಕಾ, ಗಾಂಜಾಗಳ ತಾಣ; ಪೊಲೀಸರ ದಾಳಿಯ ಸುದ್ದಿಯ ಹೊರಗೆ ಆ ಪದಕ್ಕೆ ಹೆಚ್ಚಿನ ಬಾಳಿಲ್ಲ. ಮರಾಠಿಯ ‘ಜುಗಾರಾಚಾ ಅಡ್ಡಾ’ವೂ ಹೀಗೆಯೇ. ಆದರೆ ದಖ್ಖನಿಯಲ್ಲಿ ‘ಅಡ್ಡಾ’ ಎಂದರೆ ವಾಹನ ನಿಲ್ಲುವ ಜಾಗವೂ ಹೌದು. ತೆಲಂಗಾಣದ ತೆಲುಗಿನಲ್ಲಿ ದಿನಗೂಲಿಗಾಗಿ ಬೆಳಗ್ಗೆ ಜನ ಬಂದು ನಿಲ್ಲುವ ಕೂಡುರಸ್ತೆಗೆ ‘ಅಡ್ಡಾ’ ಎಂದೇ ಹೆಸರು. ಹಾಗೆ ನಿಂತವರು ‘ಅಡ್ಡಾ ಕೂಲಿ’ಗಳು. ಮುಂಬಯಿ ಹೆದ್ದಾರಿಯ ಮೇಲಿರುವ ಜಹೀರಾಬಾದಿನಲ್ಲಿಯೂ ಕಲ್ಲುಗಣಿಗಳ ತಾಂಡೂರಿನಲ್ಲಿಯೂ ಇರುವ ಕನ್ನಡಿಗ ಕೂಲಿಕಾರನೊಬ್ಬ ಅಡ್ಡಾಕ್ಕೆ ಹೋಗುತ್ತೇನೆ ಎಂದರೆ ಅವನು ದುಡಿಮೆ ಹುಡುಕಿ ಹೊರಟಿದ್ದಾನೆ. ಅದೇ ವಾಕ್ಯವನ್ನು ಕಲಬುರಗಿಯ ಪತ್ರಿಕಾಭಾಷೆಗೆ ಒಯ್ದರೆ ಅವನು ಜೂಜಾಡಲು ಹೊರಟವನಾಗುತ್ತಾನೆ. ಗಡಿ ದಾಟುವಾಗ ಪದ ಒಂದೇ ಇದ್ದು ಶೀಲ ಬದಲಾಗುತ್ತದೆ.

ಹಾಗಾದರೆ ತೆಲುಗು ಪತ್ರಿಕೆಗಳು ಜೂಜಿನ ತಾಣಕ್ಕೆ ಏನೆನ್ನುತ್ತವೆ? ‘ಪೇಕಾಟ ಸ್ಥಾವರಂ’. ಕಳ್ಳಭಟ್ಟಿಯ ತಾಣಕ್ಕೆ ‘ನಾಟುಸಾರಾ ಸ್ಥಾವರಂ’. ಅಲ್ಲಿ ಸ್ಥಾವರವೆಂದರೆ ನೆಲೆ, ಅಡಗುದಾಣ. ಕನ್ನಡ ಓದುಗನಿಗೆ ಈ ಪದ ಕೇಳಿಸುವ ಬಗೆಯೇ ಬೇರೆ. ನಮ್ಮಲ್ಲಿ ಅದು ವಿದ್ಯುತ್ ಸ್ಥಾವರದಲ್ಲಿದೆ. ಅದಕ್ಕೂ ಮೊದಲು ಬಸವಣ್ಣನವರ ವಚನದಲ್ಲಿದೆ. ದೇಗುಲವನ್ನು ಕಟ್ಟಿಸುವ ಉಳ್ಳವರನ್ನೂ ದೇಹವನ್ನೇ ದೇಗುಲವಾಗಿಸುವ ಬಡವನನ್ನೂ ಎದುರುಬದುರು ನಿಲ್ಲಿಸುವ ಆ ಪ್ರಸಿದ್ಧ ವಚನದಲ್ಲಿ ಸ್ಥಾವರವೆಂದರೆ ನಿಂತದ್ದು, ಕಟ್ಟಡ, ಅಳಿಯುವಂಥದ್ದು. ಮೂಲ ಬೈಬಲ್ ಸಂದರ್ಭದ ಗವಿಯೂ ದೇಗುಲ, ವಚನದ ಸ್ಥಾವರವೂ ದೇಗುಲ. ತೆಲುಗು ಪತ್ರಿಕೆಯ ಸ್ಥಾವರ ಇಸ್ಪೀಟಿನ ಮನೆ. ಒಂದೇ ದಿನ ಎರಡೂ ಭಾಷೆಗಳಲ್ಲಿ ಓದುವ ನಾರಾಯಣಖೇಡದ ಲಿಂಗಾಯತ ವಿದ್ಯಾರ್ಥಿಗೆ ಈ ಪದ ಒದಗಿಸುವ ಕಟಕಿಯನ್ನು ಯಾವ ನಿಘಂಟೂ ಒದಗಿಸಲಾರದು.

‘ಕಲ್ಲು’ ಎಂಬ ಪದದ ಕಥೆಯೂ ಇಂಥದೇ. ತಾಂಡೂರು ಹೆಸರಾದದ್ದು ನೆಲಕ್ಕೆ ಹಾಸುವ ಕಲ್ಲಿನಿಂದ. ಕನ್ನಡದಲ್ಲಿ ಕಲ್ಲು ಎಂದರೆ ಶಿಲೆ, ತೆಲುಗಿನಲ್ಲಿ ಕಲ್ಲು ಎಂದರೆ ನಮ್ಮ ಕಳ್ಳು. ತೆಲುಗು ಲಿಪಿಯಲ್ಲಿ ಬರೆದ ‘ಕಲ್ಲು ದುಕಾಣಂ’ ಎಂಬ ಫಲಕವನ್ನು ಕನ್ನಡದ ಕಿವಿಯಿಂದ ಓದಿದವನಿಗೆ ಅದು ಫರಸಿ ಮಾರುವ ಅಂಗಡಿಯೆನಿಸಬಹುದು. ತೆಲಂಗಾಣದಲ್ಲಿ ಕಳ್ಳು ಮಾರಾಟ ಕಾನೂನುಬದ್ಧ. ‘ಗೀತ ಕಾರ್ಮಿಕ’ರ ಸಹಕಾರ ಸಂಘಗಳಿಗೆ ಅದರ ಪರವಾನಗಿ ಸಿಗುತ್ತದೆ. ಗಡಿಯಾಚೆ ಬೀದರ, ಕಲಬುರಗಿಗಳಲ್ಲಿ ಸೇಂದಿ ಇಳಿಸುವುದು ನಿಷಿದ್ಧ. ಅದನ್ನು ಮತ್ತೆ ತೆರೆಯಬೇಕೆಂದು ಈಡಿಗ ಸಮುದಾಯ ಕೇಳುತ್ತ ಬಂದಿದೆ. ಒಂದೇ ಜಾತಿಯ ಮರ, ಒಂದೇ ಬಗೆಯ ಗಡಿಗೆ, ಒಂದೇ ಕಸುಬು. ಒಂದು ಕಡೆ ಸಹಕಾರ ಸಂಘ, ಇನ್ನೊಂದು ಕಡೆ ಅಕ್ರಮ ಅಡ್ಡೆ. ಕಸುಬುದಾರರ ಹೆಸರಲ್ಲೂ ಇದೇ ತಿರುವು ಇದೆ. ಕನ್ನಡ ಸೀಮೆಯಲ್ಲಿ ‘ಗೌಡ’ ಊರಿನ ಹಿರಿಯ. ತೆಲಂಗಾಣದಲ್ಲಿ ಅದೇ ಪದ ಮರ ಹತ್ತಿ ಕಳ್ಳು ಇಳಿಸುವ ಸಮುದಾಯದ ಹೆಸರು. ಗೌರವ ಮತ್ತು ಅಗೌರವಗಳು ವಸ್ತುವಿನಲ್ಲಿಯೂ ಇಲ್ಲ, ಕಸುಬಿನಲ್ಲಿಯೂ ಇಲ್ಲ. ಅವು ಗೆರೆ ಎಳೆಯುವವರ ಕೈಯಲ್ಲಿವೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ತಾಂಡಾಗಳ ವಿಷಯದಲ್ಲಿ ಈ ಮಾತು ಪದಗಳ ಆಟವಾಗಿ ಉಳಿಯುವುದಿಲ್ಲ. ನಾರಾಯಣಖೇಡದ ಸುತ್ತ ಲಂಬಾಣಿ ತಾಂಡಾಗಳು ಹೆಚ್ಚು. ‘ಗುಡುಂಬಾ’ ಎಂಬ ಕಳ್ಳಭಟ್ಟಿಯ ಹೆಸರು ತಾಂಡಾ ಎಂಬ ಹೆಸರಿಗೆ ಅಂಟಿಕೊಂಡು ಬಹಳ ಕಾಲವಾಯಿತು. ಲಂಬಾಣಿಗರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಒಂದೇ ಕುಟುಂಬದ ಎರಡು ಕವಲುಗಳು ಎರಡು ವರ್ಗಗಳಲ್ಲಿ ದಾಖಲಾಗಬಹುದು. ಆದರೆ ಕಳ್ಳಭಟ್ಟಿಯ ನೆಲೆಯೆಂಬ ನಿಂದೆಗೆ ಮಾತ್ರ ಗಡಿಯ ಅಡ್ಡಿಯಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಹುಟ್ಟನ್ನೇ ಅಪರಾಧದ ಗುರುತಾಗಿ ಮಾಡಿತು. ಆ ವ್ಯವಸ್ಥೆ 1952ರಲ್ಲಿ ಕಾನೂನಿನಿಂದ ಹೋಯಿತು, ನುಡಿಗಟ್ಟಿನಿಂದ ಹೋಗಿಲ್ಲ. ಕರ್ನಾಟಕದಲ್ಲೇ ಹೊಸಕೋಟೆ ಬಳಿಯ ದಂಡುಪಾಳ್ಯ ಎಂಬ ಊರಿನ ಹೆಸರು ಮೊದಲು ಒಂದು ತಂಡದ ಹೆಸರಾಗಿ, 2012ರಲ್ಲಿ ಸಿನಿಮಾದ ಹೆಸರಾಗಿ, ಆಮೇಲೆ ಕ್ರೌರ್ಯದ ಪರ್ಯಾಯಪದವೇ ಆಯಿತು. ತಂಡ ಜೈಲು ಸೇರಿದರೂ ಹೆಸರು ಊರಿನವರ ಬಳಿಯೇ ಉಳಿಯಿತು.

4. ಮುಗ್ಧ ಸಂಗಯ್ಯನ ಓದು

ಸ್ಥಳಕ್ಕೆ ಅಂಟಿದ ತೀರ್ಪನ್ನು ಬಿಡಿಸುವ ಪ್ರಯತ್ನಗಳು ಈ ನೆಲದ ಸಾಹಿತ್ಯದಲ್ಲಿ ಹಿಂದೆಯೇ ನಡೆದಿವೆ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ರಚಿಸಿದ, ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ ‘ಬಸವಪುರಾಣ’ದಲ್ಲಿ ಮುಗ್ಧ ಸಂಗಯ್ಯನ ಪ್ರಸಂಗವಿದೆ. ತೆಲುಗಿನಿಂದ ಕನ್ನಡಕ್ಕೆ ಬಂದ ಈ ಕೃತಿ ಜಹೀರಾಬಾದ್ ಸೀಮೆಯ ಓದುಗನಿಗೆ ಎರಡು ಬಾಗಿಲುಗಳಿಂದಲೂ ತೆರೆದಿದೆ. ಕಥೆ ನಡೆಯುವ ಕಲ್ಯಾಣವೂ ದೂರವಿಲ್ಲ. ಬಸವಣ್ಣನ ಮನೆಯಲ್ಲಿರುವ ಮಿಂಡಜಂಗಮರು ಸಿಂಗರಿಸಿಕೊಂಡು ಹೊರಡುವುದನ್ನು ಸಂಗಯ್ಯ ನೋಡುತ್ತಾನೆ. ಅವರು ಹೋಗುವುದು ಸೂಳೆಯರ ಮನೆಗೆ. ಲೋಕವ್ಯವಹಾರವನ್ನು ಅರಿಯದ ಅವನು ತಾನೂ ಹೋಗಬೇಕೆನ್ನುತ್ತಾನೆ, ಬಸವಣ್ಣ ಕಳುಹಿಸಿಕೊಡುತ್ತಾನೆ. ಆ ಮನೆಯಲ್ಲಿ ಕಂಡದ್ದನ್ನೆಲ್ಲ ಸಂಗಯ್ಯ ಶಿವಲಾಂಛನಗಳೆಂದೇ ಓದುತ್ತಾನೆ. ಶೃಂಗಾರದ ಸಲಕರಣೆಗಳು ಅವನಿಗೆ ಪೂಜೆಯ ಸಲಕರಣೆಗಳು, ಆ ಹೆಣ್ಣು ಅವನಿಗೆ ಶಿವಭಕ್ತೆ.

ಈ ಪ್ರಸಂಗವನ್ನು ಭಕ್ತನ ಮುಗ್ಧತೆಯ ಮಹಿಮೆಯೆಂದು ಓದುವುದು ವಾಡಿಕೆ. ನಮ್ಮ ಚರ್ಚೆಯ ಬೆಳಕಿನಲ್ಲಿ ಅದನ್ನು ಗಾದೆಯ ವಿಲೋಮವೆಂದು ಓದಬಹುದು. ಗಾದೆಯ ನೋಡುಗ ಮರವನ್ನು ಕಂಡು ಮಜ್ಜಿಗೆಯನ್ನು ಹೆಂಡವೆನ್ನುತ್ತಾನೆ. ಸಂಗಯ್ಯ ಮನೆಯ ಹೆಸರು ತಿಳಿಯದ ಕಾರಣ ಅಲ್ಲಿಯ ಮನುಷ್ಯಳನ್ನು ನೇರವಾಗಿ ಗೌರವಿಸುತ್ತಾನೆ. ಇಬ್ಬರೂ ತಪ್ಪಾಗಿಯೇ ಓದುತ್ತಾರೆ, ನಿಜ. ಆದರೆ ಮೊದಲನೆಯ ತಪ್ಪು ಒಬ್ಬನ ಮಾನವನ್ನು ಕಳೆಯುತ್ತದೆ, ಎರಡನೆಯದು ಒಬ್ಬಳ ಮಾನವನ್ನು ಮರಳಿಸುತ್ತದೆ. ವೀರಶೈವ ಪರಿಭಾಷೆಯಲ್ಲಿ ‘ಸ್ಥಲ’ವೆಂಬುದು ಭೂಮಿಯ ಮೇಲಿನ ಜಾಗವಲ್ಲ, ಸಾಧಕನ ನಿಲುವು, ಷಟ್‌ಸ್ಥಲಗಳು ಆರು ಊರುಗಳಲ್ಲ. ಸ್ಥಳವನ್ನು ನೆಲದಿಂದ ಕಿತ್ತು ಮನುಷ್ಯನೊಳಗೆ ನೆಟ್ಟ ಈ ಪರಂಪರೆಯಲ್ಲಿ ಪಾಪಕೂಪವೆಂಬ ಮಾತಿಗೆ ನಿಲ್ಲಲು ನೆಲೆಯೇ ಸಿಗುವುದಿಲ್ಲ.

ಆದರೂ ಸಂಗಯ್ಯನ ಮುಗ್ಧತೆಯಲ್ಲಿ ವಿಮರ್ಶೆ ವಿರಮಿಸಲಾರದು. ಕಥೆಯಲ್ಲಿ ಬದಲಾಗುವುದು ನೋಡುವವನ ಕಣ್ಣು ಮಾತ್ರ. ಆ ಮನೆಯ ಹೆಣ್ಣು ಅಲ್ಲಿಗೆ ಬಂದ ಬಗೆಯನ್ನು ಯಾರೂ ಕೇಳುವುದಿಲ್ಲ. ಆ ಕೊರತೆಯನ್ನು ತುಂಬುವ ಇಬ್ಬರು ವಚನಕಾರರು ಒಳಗಿನಿಂದಲೇ ಮಾತನಾಡಿದ್ದಾರೆ. ಸೂಳೆ ಸಂಕವ್ವೆಯದೆಂದು ದೊರೆತಿರುವುದು ಒಂದೇ ವಚನ, ಅಂಕಿತ ‘ನಿರ್ಲಜ್ಜೇಶ್ವರ’. ಒಬ್ಬನ ಒತ್ತೆ ಪಡೆದ ಮೇಲೆ ಮತ್ತೊಬ್ಬನದನ್ನು ಮುಟ್ಟಬಾರದೆಂಬ ತನ್ನ ಕಸುಬಿನ ಕಟ್ಟಳೆಯನ್ನೇ ಆಕೆ ವ್ರತನಿಷ್ಠೆಯ ಮಾನದಂಡವಾಗಿ ಮುಂದಿಡುತ್ತಾಳೆ. ಹೊರಗಿನವರು ನೀತಿಯಿಲ್ಲದ ತಾಣವೆಂದು ಕರೆದ ಕಡೆ ಒಂದು ನೀತಿಸಂಹಿತೆಯೇ ಇತ್ತೆಂಬುದು ಆ ವಚನದಿಂದ ಹೊರಬೀಳುತ್ತದೆ. ‘ನಿರ್ಲಜ್ಜ’ ಎಂಬ ಬೈಗುಳನ್ನು ದೇವರ ಹೆಸರಾಗಿಸಿದ್ದರಲ್ಲಿ ನಿಂದೆಯನ್ನು ನಿಂದಕರ ಕೈಯಿಂದ ಕಸಿದುಕೊಂಡ ಧೈರ್ಯವಿದೆ. ಹೆಂಡದ ಮಾರಯ್ಯ ಕೂಡ ತನ್ನ ಅಂಗಡಿಯ ಭಾಷೆಯನ್ನು ಮುಚ್ಚಿಡದೆ ಅದರಿಂದಲೇ ಅರಿವಿನ ಮಾತನ್ನು ತೆಗೆದ. ಪಂಪನ ಸೂಳೆಗೇರಿಗೂ ಸಂಕವ್ವೆಯ ವಚನಕ್ಕೂ ಇರುವ ಅಂತರವೆಂದರೆ ಇದು: ಮೊದಲನೆಯದರಲ್ಲಿ ಸ್ಥಳ ವರ್ಣಿತವಾಗುತ್ತದೆ, ಎರಡನೆಯದರಲ್ಲಿ ಸ್ಥಳವೇ ಬಾಯಿ ತೆರೆಯುತ್ತದೆ.

5. ಒಂದು ಆಕ್ಷೇಪ

ಇಲ್ಲಿ ಎದುರಾಗುವ ಆಕ್ಷೇಪ ಹಗುರವಾದುದಲ್ಲ. ಕುಡಿತದ ಅಂಗಡಿಯಿಂದ ಸಂಸಾರಗಳು ಹಾಳಾಗುವುದಿಲ್ಲವೆ? ಕೆಡುಕಿನ ತಾಣವನ್ನು ಕೆಡುಕಿನ ತಾಣವೆನ್ನಬಾರದೆ? 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು ಸಾರಾಯಿ ಅಂಗಡಿಯನ್ನು ಮುಚ್ಚಿಸಲು ಎದ್ದು ನಿಂತರು. ಆ ಚಳವಳಿ ಆಂಧ್ರವನ್ನೆಲ್ಲ ಹಬ್ಬಿ 1993ರಲ್ಲಿ ಸಾರಾಯಿ ನಿಷೇಧಕ್ಕೂ 1995ರಲ್ಲಿ ಸಂಪೂರ್ಣ ಪಾನನಿಷೇಧಕ್ಕೂ ದಾರಿಮಾಡಿತು. ಪಾನನಿಷೇಧ 1997ರಲ್ಲಿ ಸಡಿಲವಾಯಿತು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ತೆಲಂಗಾಣದ ಕಳ್ಳಿಗೆ ಕ್ಲೋರಲ್ ಹೈಡ್ರೇಟ್, ಆಲ್ಪ್ರಜೋಲಾಂ ಮುಂತಾದ ಮತ್ತಿನ ರಾಸಾಯನಿಕಗಳನ್ನು ಬೆರೆಸುವುದೂ, ಅದು ಸಿಗದಾದಾಗ ಚಟಕ್ಕೆ ಬಿದ್ದವರು ತಲೆಕೆಟ್ಟಂತಾಗಿ ಆಸ್ಪತ್ರೆ ಸೇರುವುದೂ ಸತ್ಯ. ಇವನ್ನೆಲ್ಲ ಭಾಷೆಯ ಸೂಕ್ಷ್ಮಗಳಿಂದ ಅಳಿಸಿಹಾಕಲಾಗದು, ಅಳಿಸಲೂಬಾರದು.

ಆದರೆ ಆ ಹೆಣ್ಣುಮಕ್ಕಳು ಬೆರಳು ಮಾಡಿದ್ದು ಯಾರ ಕಡೆಗೆ ಎಂಬುದನ್ನು ನೋಡಬೇಕು. ಅವರ ಪ್ರಶ್ನೆ ಕೂಲಿಯ ಹಣ ಎಲ್ಲಿಗೆ ಹೋಗುತ್ತದೆ, ಗುತ್ತಿಗೆದಾರನ ಲಾಭವೆಷ್ಟು, ಸರ್ಕಾರದ ವರಮಾನವೆಷ್ಟು, ಪೆಟ್ಟು ತಿನ್ನುವವರು ಯಾರು ಎಂಬುದಾಗಿತ್ತು. ಅದು ವಿಷಮದ ಪ್ರಶ್ನೆ. ಇನಿಕ್ವಿಟಿಯ ಮೊದಲ ಅರ್ಥದಲ್ಲಿ ಕೇಳಿದ ಪ್ರಶ್ನೆ. ಯೆರೆಮೀಯನಂತೆ ಅವರೂ ಅಂಗಡಿಯ ಹಿಂದೆ ಸುರಕ್ಷಿತವಾಗಿ ಅಡಗಿದವರನ್ನು ಹುಡುಕಿದರು. ‘ಪಾಪಕೂಪ’ ಎನ್ನುವ ಸಭ್ಯನಿಗೆ ಈ ಹುಡುಕಾಟದ ಅಗತ್ಯವಿಲ್ಲ. ಸ್ಥಳಕ್ಕೆ ಹೆಸರಿಟ್ಟು ಅವನು ಮನೆಗೆ ಹೋಗುತ್ತಾನೆ.

ಜೋಗಿನಿ ಪದ್ಧತಿಯನ್ನು ಕುರಿತ ಬರಹಗಳಲ್ಲಿ ಈ ಎರಡು ನಿಲುವುಗಳ ಘರ್ಷಣೆ ನಿಚ್ಚಳವಾಗಿದೆ. ತೆಲಂಗಾಣದ ಹಳ್ಳಿಗಳಲ್ಲಿ ದಲಿತ ಕುಟುಂಬಗಳ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಟ್ಟು, ಊರಿನ ಬಲವಂತರ ಭೋಗಕ್ಕೆ ಒಡ್ಡಿದ ಈ ಪದ್ಧತಿಯನ್ನು ಆಂಧ್ರಪ್ರದೇಶ 1988ರಲ್ಲಿ ಕಾನೂನಿನ ಮೂಲಕ ನಿಷೇಧಿಸಿತು. ಕರ್ನಾಟಕದಲ್ಲಿ ದೇವದಾಸಿ ಪದ್ಧತಿಗೆ ಸಂಬಂಧಿಸಿದ ಕಾನೂನು 1982ರದು. ಜೋಗಿನಿಯ ಗುಡಿಸಲನ್ನು ಅನಾಚಾರದ ನೆಲೆಯೆಂದು ಬರೆದರೆ ಅವಳನ್ನು ಅಲ್ಲಿ ಕೂರಿಸಿದ ಗುಡಿಯೂ ಗಡಿಯೂ ವಾಕ್ಯದ ಹೊರಗೆ ಉಳಿಯುತ್ತವೆ. ಸೂಳೆಗೇರಿ ಎಂಬ ಸಮಾಸ ಮಾಡಿದ ಕೆಲಸವನ್ನೇ ಆಧುನಿಕ ಗದ್ಯವೂ ಮುಂದುವರಿಸಿದಂತಾಗುತ್ತದೆ. ಅನ್ಯಾಯಕ್ಕೆ ಈಡಾದವಳ ವಿಳಾಸವೇ ಅನ್ಯಾಯದ ವಿಳಾಸವಾಗುತ್ತದೆ.

6. ಅನುವಾದಕನ ಹೊಣೆ

ಹಾಗಾದರೆ ‘ಡೆನ್ ಆಫ್ ಇನಿಕ್ವಿಟಿ’ಯನ್ನು ಕನ್ನಡಿಸುವುದು ಹೇಗೆ? ಒಂದೇ ಸಂವಾದಿಯನ್ನು ನಿಗದಿಪಡಿಸುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಮೂಲದಲ್ಲಿ ಮಾತು ಹಾಸ್ಯಕ್ಕಿದ್ದರೆ ‘ಕೊಂಪೆ’ ಸಾಕು. ಅಲ್ಲಿ ಪಾಪಕೂಪವೆಂದು ಬರೆದರೆ ನಗು ಶಾಪವಾಗುತ್ತದೆ. ಮಾತನಾಡುವ ಪಾತ್ರ ನೀತಿವಂತಿಕೆಯ ಸೋಗಿನವನಾಗಿದ್ದರೆ ‘ಪಾಪಕೂಪ’ವೇ ಸರಿ, ಏಕೆಂದರೆ ಆ ಸಂಸ್ಕೃತ ಗಾಂಭೀರ್ಯ ಅವನ ಸೋಗನ್ನು ಬಯಲು ಮಾಡುತ್ತದೆ. ನಿರೂಪಕನೇ ಹೇಳುವ ಮಾತಾದರೆ, ಅಧಿಕಾರದ ಕೇಂದ್ರವೊಂದರ ಮೇಲಿನ ಆರೋಪವಾದರೆ, ‘ವಿಷಮದ ಬೀಡು’ ಎಂಬಂಥ ಪ್ರಯೋಗವನ್ನು ಮಾಡಿ ನೋಡಬಹುದು. ಬೀಡು ಎಂಬ ಪದಕ್ಕೆ ಅರಸನ ಪಾಳೆಯ, ನೆಲೆವೀಡು ಎಂಬ ಹಳೆಯ ಅರ್ಥವೂ ಇರುವುದರಿಂದ ಆರೋಪ ಸರಿಯಾದ ವಿಳಾಸಕ್ಕೆ ತಲಪುತ್ತದೆ. ‘ಅಡ್ಡೆ’ಯನ್ನು ಮಾತ್ರ, ಗಡಿಯ ಓದುಗರನ್ನು ನೆನೆದಾದರೂ, ಎಚ್ಚರದಿಂದ ಬಳಸಬೇಕು. ಅಲ್ಲಿ ಬೆಳಗಿನ ಆರು ಗಂಟೆಗೆ ಬುತ್ತಿ ಹಿಡಿದು ನಿಂತವರಿದ್ದಾರೆ.

ಇದು ಅನುವಾದಕರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಈ ಮೂರು ತಾಲ್ಲೂಕುಗಳ ಆಡುಮಾತನ್ನು ಸಂಗ್ರಹಿಸುವಾಗ ‘ಅಡ್ಡಾ’, ‘ದುಕಾನ’, ‘ತಾಂಡಾ’, ‘ಕಲ್ಲು’ ಮುಂತಾದ ಪದಗಳಿಗೆ ಬೆಂಗಳೂರಿನ ಅಥವಾ ಹೈದರಾಬಾದಿನ ಪತ್ರಿಕೆಗಳು ಕೊಟ್ಟ ಅರ್ಥವನ್ನು 1ನೆಯ ಅರ್ಥವಾಗಿ ಬರೆದುಕೊಳ್ಳುವ ಅಭ್ಯಾಸವನ್ನು ಸಂಶೋಧಕರು ಬಿಡಬೇಕು. ಆ ಪದವನ್ನು ಆಡುವವರು ಎಲ್ಲಿ ನಿಂತು ಆಡುತ್ತಾರೆ ಎಂಬುದೇ ಅರ್ಥದ ಮೊದಲ ಟಿಪ್ಪಣಿಯಾಗಬೇಕು. ಭಾಷಾ ಅಲ್ಪಸಂಖ್ಯಾತರ ನುಡಿಗೆ ಎರಡು ಕಡೆಗಳಿಂದಲೂ ಹೊರಗಿನವರೇ ಅರ್ಥ ಬರೆದಿದ್ದಾರೆ. ತೆಲುಗಿನವರಿಗೆ ಅದು ಕೆಟ್ಟ ತೆಲುಗು ಬೆರೆತ ಕನ್ನಡ, ಕನ್ನಡದವರಿಗೆ ಕೆಟ್ಟ ಕನ್ನಡ. ಇದೂ ಒಂದು ಬಗೆಯ ಸ್ಥಳನಿಂದೆಯೇ.

ಗಾದೆಗೆ ಮರಳಿ ಹೇಳುವುದಾದರೆ, ಅದನ್ನು ನಾವು ಸಾಮಾನ್ಯವಾಗಿ ಬುದ್ಧಿಮಾತಾಗಿ ಬಳಸುತ್ತೇವೆ: ಈಚಲ ಮರದ ಕೆಳಗೆ ಕೂರಬೇಡ. ಮಕ್ಕಳಿಗೆ ಹಾಗೆ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಕೂರಲು ಆ ಊರಿನಲ್ಲಿ ಬೇರೆ ನೆರಳೇ ಇಲ್ಲದಿದ್ದರೆ? ಗಾದೆಯ ಇನ್ನೊಂದು ಅರ್ಧ ಕುಳಿತವನಿಗೆ ಹೇಳಿದ್ದಲ್ಲ. ದಾರಿಯಲ್ಲಿ ನಿಂತು ನೋಡುವವನಿಗೆ ಹೇಳಿದ್ದು. ಹತ್ತಿರ ಹೋಗಿ ಲೋಟವನ್ನು ನೋಡು, ಆಮೇಲೆ ಮಾತನಾಡು ಎಂಬುದು ಅದರ ಅರ್ಥ. ವಿಮರ್ಶೆಗೂ ಅನುವಾದಕ್ಕೂ ಅಷ್ಟು ನಡಿಗೆ ಕಡ್ಡಾಯ.